ವಂಶವನ್ನು ಹೊತ್ತು ತಂದ ಹಡಗು

ನಮ್ಮಲ್ಲಿ ವಂಶದ ಮಾತು ಬಂದಾಗ ಋಷಿಯ ಹೆಸರಿನಿಂದ ಆರಂಭಿಸುವವರುಂಟು. ಮನೆದೇವರ ಹೆಸರಿನಿಂದ ಆರಂಭಿಸುವವರುಂಟು. ಯಾವುದೋ ಕಾಲದಲ್ಲಿ ಬಿಟ್ಟುಬಂದ ಊರಿನ ಹೆಸರನ್ನು ತಮ್ಮ ಹೆಸರಿನ ಹಿಂದೆ ಇಟ್ಟುಕೊಂಡು ತೃಪ್ತರಾಗುವವರೂ ಉಂಟು. ಆದರೆ ಒಂದು ಉಗಿಹಡಗಿನ ಹೆಸರಿನಿಂದ ವಂಶಾವಳಿಯನ್ನು ಆರಂಭಿಸುವ ಜನರೂ ಲೋಕದಲ್ಲಿದ್ದಾರೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ಜಪಾನೀ ಮೂಲದವರು ಇಂದು ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಇದ್ದಾರೆ. ಜಪಾನಿನ ಹೊರಗೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಅವರು ಬೇರೆಲ್ಲಿಯೂ ಇಲ್ಲ. ಅವರಲ್ಲೊಬ್ಬರು “ನಮ್ಮ ಮುತ್ತಜ್ಜ ಕಸಾತೊ ಮಾರುವಿನಲ್ಲಿ ಬಂದವರು” ಎಂದರೆ ಅದು ಒಂದು ಬಗೆಯ ಕುಲೀನತೆಯ ಮಾತು. ಆ ಹಡಗು ಸಾಂತೋಸ್ ಬಂದರಿನ ಕಟ್ಟೆಗೆ ತಗುಲಿ ನಿಂತ ೧೯೦೮ನೆಯ ಇಸವಿಯ ಜೂನ್ ೧೮ನ್ನು ಅಲ್ಲಿ ಜಪಾನೀ ವಲಸೆಯ ದಿನವೆಂದು ಇಂದಿಗೂ ಆಚರಿಸುತ್ತಾರೆ.

ಹಡಗುಗಳ ಚರಿತ್ರೆಯನ್ನು ಓದುವುದು ನನ್ನದೊಂದು ಹಳೆಯ ಚಪಲ. ರಾಜರ ಚರಿತ್ರೆಯಲ್ಲಿ ಹೆಸರು ಸಿಕ್ಕದ ಜನ ಹಡಗಿನ ಪಟ್ಟಿಯಲ್ಲಿ ಸಿಕ್ಕುತ್ತಾರೆ: ಹೆಸರೇನು, ವಯಸ್ಸೆಷ್ಟು, ಯಾವ ಪ್ರಾಂತದವರು, ಜೊತೆಗೆ ಯಾರಿದ್ದರು ಎಂಬಷ್ಟರ ಮಟ್ಟಿಗೆ. ಆದರೆ ಕಸಾತೊ ಮಾರುವಿನ ಕಥೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದಕ್ಕೆ ಬೇರೆಯೇ ಕಾರಣವಿದೆ. ಅದರಲ್ಲಿ ಬಂದವರು ಯಾರೂ ಮೂಲಪುರುಷರಾಗಬೇಕೆಂದು ಬಂದವರಲ್ಲ. ನಾಲ್ಕೈದು ವರ್ಷ ದುಡಿದು, ಗಂಟು ಕಟ್ಟಿಕೊಂಡು, ಊರಿಗೆ ಮರಳಬೇಕೆಂದು ಹೊರಟವರು. ಅಷ್ಟೇ ಅಲ್ಲ, ಕರಾರಿಗೆ ತಕ್ಕಂತೆ ನಡೆದವರಿಗಿಂತ ಕರಾರನ್ನು ಮುರಿದು ನಡೆದವರೇ ಆ ದೇಶದಲ್ಲಿ ವಂಶಗಳನ್ನು ನೆಟ್ಟರು. ಇದನ್ನು ತುಸು ವಿವರವಾಗಿಯೇ ಹೇಳಬೇಕು.

ಮೊದಲು ಹಡಗಿನ ವಿಷಯ. “ಮಾರು” ಎಂಬುದು ಜಪಾನೀಯರು ತಮ್ಮ ವ್ಯಾಪಾರದ ಹಡಗುಗಳ ಹೆಸರಿನ ಕೊನೆಗೆ ಸೇರಿಸುವ ಮಾತು. ಈ ಹಡಗಿಗೆ ಆ ಮಾತು ಸೇರಿದುದು ಸ್ವಲ್ಪ ತಡವಾಗಿ. ಅದು ಹುಟ್ಟಿದುದು ೧೯೦೦ನೆಯ ಇಸವಿಯಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಸುಮಾರು ಆರು ಸಾವಿರ ಟನ್ನಿನ ಹಡಗು. ದಕ್ಷಿಣ ಅಮೆರಿಕದ ಪಶ್ಚಿಮ ತೀರದ ವ್ಯಾಪಾರಕ್ಕೆಂದು ಕಟ್ಟಿಸಿದ ಬ್ರಿಟಿಷ್ ಕಂಪನಿಯವರು ಅದಕ್ಕೆ, ಬೆಳ್ಳಿಯ ಗಣಿಗೆ ಹೆಸರಾದ ಊರೊಂದರ ನೆನಪಿನಲ್ಲಿ, “ಪೊಟೊಸಿ” ಎಂದು ಹೆಸರಿಟ್ಟರು. ಬಹುಬೇಗ ರಷ್ಯದವರು ಅದನ್ನು ಕೊಂಡು “ಕಜಾನ್” ಎಂದು ಕರೆದರು. ೧೯೦೪ರಲ್ಲಿ ರಷ್ಯಕ್ಕೂ ಜಪಾನಿಗೂ ಯುದ್ಧ ಹತ್ತಿಕೊಂಡಾಗ ಅದು ಪೋರ್ಟ್ ಆರ್ಥರ್ ಬಂದರಿನಲ್ಲಿ ಗಾಯಾಳುಗಳ ಆಸ್ಪತ್ರೆಯಾಗಿತ್ತು. ೧೯೦೫ರ ಜನವರಿಯಲ್ಲಿ ಆ ಕೋಟೆ ಬಿದ್ದಿತು. ನೀರಿನಲ್ಲಿ ಕುಸಿದಿದ್ದ ಹಡಗನ್ನು ಜಪಾನೀಯರು ಮೇಲೆತ್ತಿ, ದುರಸ್ತುಮಾಡಿ, “ಕಸಾತೊ ಮಾರು” ಎಂದು ಮೂರನೆಯ ಹೆಸರಿಟ್ಟರು. ಹುಟ್ಟಿ ಐದು ವರ್ಷದೊಳಗೆ ಮೂರು ಹೆಸರು, ಮೂರು ಬಾವುಟ! ವಲಸೆಗಾರರನ್ನು ಹೊರುವುದಕ್ಕೆ ಇದಕ್ಕಿಂತ ತಕ್ಕ ಹಡಗು ಬೇರೆ ಯಾವುದಿದ್ದೀತು?

ಇನ್ನು, ಜಪಾನಿನ ರೈತ ಭೂಗೋಳದ ಮತ್ತೊಂದು ಮಗ್ಗುಲಿಗೆ ಹೋಗಬೇಕಾಗಿ ಬಂದುದೇಕೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಎರಡು ದೇಶಗಳಲ್ಲಿದೆ. ಬ್ರೆಜಿಲ್ ಆ ಕಾಲಕ್ಕೆ ಲೋಕದ ಕಾಫಿಯಲ್ಲಿ ಮುಕ್ಕಾಲು ಪಾಲಿನಷ್ಟನ್ನು ಬೆಳೆಯುತ್ತಿತ್ತು. ಬಹುಕಾಲ ಆ ಬೆಳೆ ಬಂದುದು ಗುಲಾಮರ ಬೆವರಿನಿಂದ. ೧೮೮೮ರ ಮೇ ೧೩ರಂದು ಅಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದರು. ತೋಟದ ಸಾಹುಕಾರರು ಗುಲಾಮರ ಜಾಗಕ್ಕೆ ಯೂರೋಪಿನ ಬಡವರನ್ನು, ಮುಖ್ಯವಾಗಿ ಇಟಲಿಯವರನ್ನು, ಹಡಗಿನ ಖರ್ಚು ಕೊಟ್ಟು ಕರೆಸಿಕೊಂಡರು. ಆದರೆ ಗುಲಾಮರನ್ನು ಆಳಿ ರೂಢಿಯಾದ ಕೈ ಒಂದೇ ದಿನಕ್ಕೆ ಮೃದುವಾಗುವುದಿಲ್ಲ. ತೋಟಗಳಲ್ಲಿ ತಮ್ಮ ಜನ ಪಡುತ್ತಿದ್ದ ಪಾಡನ್ನು ಕೇಳಿ ಇಟಲಿಯ ಸರ್ಕಾರ ೧೯೦೨ರಲ್ಲಿ, ಪರರು ಕೊಡುವ ಟಿಕೆಟ್ಟಿನ ಮೇಲೆ ಯಾರೂ ಬ್ರೆಜಿಲಿಗೆ ಹೋಗಕೂಡದೆಂದು ಆಜ್ಞೆ ಮಾಡಿತು. ತೋಟಗಳಿಗೆ ಆಳು ಬೇಕಾಯಿತು.

ಅತ್ತ ಜಪಾನಿನಲ್ಲಿ ಹೊಸ ಆಳ್ವಿಕೆ ೧೮೭೩ರಿಂದ ಭೂಕಂದಾಯವನ್ನು ಭತ್ತದ ಬದಲು ನಗದಿನಲ್ಲಿ ವಸೂಲುಮಾಡತೊಡಗಿತ್ತು. ಬೆಲೆ ಇಳಿದ ವರ್ಷ ರೈತ ಸಾಲ ಮಾಡಿದ; ಸಾಲ ತೀರದೆ ಹೊಲ ಬಿಟ್ಟ. ರಷ್ಯದ ಮೇಲಿನ ಯುದ್ಧದಲ್ಲಿ ಜಯ ಬಂದಿತೆಂದು ಹೆಸರು. ಆದರೆ ಸೋತವರಿಂದ ಯುದ್ಧದ ಖರ್ಚು ಬರಲಿಲ್ಲ, ತೆರಿಗೆ ಮಾತ್ರ ಉಳಿಯಿತು. ೧೮೮೫ರಿಂದ ಹವಾಯಿ ದ್ವೀಪಗಳ ಕಬ್ಬಿನ ಗದ್ದೆಗಳಿಗೆ, ಆಮೇಲೆ ಅಮೆರಿಕದ ಪಶ್ಚಿಮ ತೀರಕ್ಕೆ, ಜನ ಹೋಗುತ್ತಿದ್ದರು. ಅಲ್ಲಿ ಬಿಳಿಯರಿಗೆ ಇದು ಸೇರಲಿಲ್ಲ. ೧೯೦೭-೦೮ರಲ್ಲಿ ಎರಡು ಸರ್ಕಾರಗಳ ನಡುವೆ ಒಂದು ಒಡಂಬಡಿಕೆಯಾಗಿ ಆ ಬಾಗಿಲು ಮುಚ್ಚಿತು. ಒಂದು ಬಾಗಿಲು ಮುಚ್ಚಿದ ಸಮಯಕ್ಕೆ ಸರಿಯಾಗಿ ಇನ್ನೊಂದು ಬಾಗಿಲ ಬಳಿ ಆಳಿಗಾಗಿ ಕೂಗು ಎದ್ದಿತ್ತು. ಮಿಜುನೊ ರ್ಯೊ ಎಂಬ ಜಪಾನೀ ಉದ್ಯಮಿ ೧೯೦೭ರ ನವೆಂಬರಿನಲ್ಲಿ ಸಾವೊ ಪೌಲೊ ಪ್ರಾಂತದ ಸರ್ಕಾರದೊಡನೆ ಕರಾರು ಮಾಡಿಕೊಂಡ: ಮೂರು ವರ್ಷದಲ್ಲಿ ಮೂರು ಸಾವಿರ ಮಂದಿಯನ್ನು ತಂದೊಪ್ಪಿಸುವುದು. ಪ್ರಯಾಣದ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಮುಂಗಡವಾಗಿ ಕೊಡುವುದು. ಅದರಲ್ಲಿ ಸ್ವಲ್ಪವನ್ನು ತೋಟದವರು ಕೂಲಿಯಲ್ಲಿ ಮುರಿದುಕೊಳ್ಳುವುದು.

ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗುತ್ತಿದ್ದ ಆಳುಗಳ ಸಂಗತಿ ಬಲ್ಲವರಿಗೆ ಈ ಕರಾರಿನ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದವನು ಕೆಲಸಕ್ಕೆ ಮೊದಲೇ ಸಾಲಗಾರನಾಗುತ್ತಾನೆ. ವ್ಯತ್ಯಾಸವೆಂದರೆ, ಘಟ್ಟಕ್ಕೆ ಹೋದವನು ಮಳೆಗಾಲಕ್ಕೆ ಇಳಿದು ಮನೆ ಸೇರಬಹುದಾಗಿತ್ತು. ಕಸಾತೊ ಮಾರು ಹತ್ತಿದವನಿಗೂ ಅವನ ಮನೆಗೂ ನಡುವೆ ಐವತ್ತೆರಡು ದಿನದ ಸಮುದ್ರವಿತ್ತು.

ಕರಾರಿನಲ್ಲಿ ಇನ್ನೊಂದು ಷರತ್ತು ಇತ್ತು. ಒಂಟಿ ಗಂಡಸರು ಬೇಡ, ಕುಟುಂಬಗಳೇ ಬರಬೇಕು, ಪ್ರತಿಯೊಂದು ಕುಟುಂಬದಲ್ಲಿಯೂ ಹನ್ನೆರಡರಿಂದ ನಲವತ್ತೈದು ವರ್ಷದೊಳಗೆ ದುಡಿಯಬಲ್ಲವರು ಮೂವರಾದರೂ ಇರಬೇಕು. ಕುಟುಂಬವಿದ್ದವನು ರಾತ್ರೋರಾತ್ರಿ ತೋಟ ಬಿಟ್ಟು ಓಡುವುದಿಲ್ಲವೆಂದು ಸಾಹುಕಾರರ ಲೆಕ್ಕ. ಆದರೆ ಹೊಸದಾಗಿ ಮದುವೆಯಾದ ಗಂಡುಹೆಣ್ಣಿನ ಮನೆಯಲ್ಲಿ ಮೂರನೆಯ ದುಡಿಯುವ ಕೈ ಎಲ್ಲಿಂದ ಬರಬೇಕು? ಬಡವರ ಬುದ್ಧಿ ಅದಕ್ಕೂ ದಾರಿ ಹುಡುಕಿತು. ತಮ್ಮನನ್ನೊ, ಭಾವಮೈದುನನನ್ನೊ, ದಾಯಾದಿಯ ಮಗನನ್ನೊ, ಕಡೆಗೆ ಪಕ್ಕದ ಹಳ್ಳಿಯ ಗುರುತಿನ ಹುಡುಗನನ್ನೊ ಸೇರಿಸಿಕೊಂಡು ಕುಟುಂಬವನ್ನು “ಕಟ್ಟಿದರು.” ಹಡಗಿಗಾಗಿಯೇ ಅವಸರದಲ್ಲಿ ಮದುವೆಗಳು ನಡೆದುವು, ಕಾಗದದ ಮೇಲಷ್ಟೇ ಗಂಡಹೆಂಡಿರಾದವರೂ ಇದ್ದರು. ಹೀಗೆ ೧೬೫ರಷ್ಟು ಕುಟುಂಬಗಳಲ್ಲಿ ಹಂಚಿಕೊಂಡು ೭೮೧ ಮಂದಿ ೧೯೦೮ರ ಏಪ್ರಿಲ್ ೨೮ರಂದು ಕೋಬೆ ಬಂದರನ್ನು ಬಿಟ್ಟರು.

ಇವರಲ್ಲಿ ೩೨೫ ಮಂದಿ ಒಕಿನಾವದವರು. ಆ ದ್ವೀಪ ಹಿಂದೆ ಬೇರೊಂದು ರಾಜ್ಯವಾಗಿದ್ದು, ೧೮೭೯ರಲ್ಲಿ ಜಪಾನಿನ ಪ್ರಾಂತವಾದುದು. ಅಲ್ಲಿಯವರ ನುಡಿ ಬೇರೆ, ನಡೆ ಬೇರೆ. ಮುಖ್ಯದ್ವೀಪದವರಿಗೆ ಅವರ ಮೇಲೆ ತಾತ್ಸಾರ. ಪರದೇಶದ ಕಣ್ಣಿಗೆ ಹಡಗಿನಲ್ಲಿದ್ದವರೆಲ್ಲ ಒಂದೇ ಜಾತಿಯ ಜಪಾನೀಯರು. ಹಡಗಿನೊಳಗೆ ಮಾತ್ರ ಒಂದು ಮೂಲೆಯ ಮಾತು ಇನ್ನೊಂದು ಮೂಲೆಗೆ ತಿಳಿಯುತ್ತಿರಲಿಲ್ಲ.

ಸಿಂಗಪುರವನ್ನು ಹಾದು, ಹಿಂದೂ ಮಹಾಸಾಗರವನ್ನು ದಾಟಿ, ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಹಡಗು ಜೂನ್ ನಡುವಿನಲ್ಲಿ ಬ್ರೆಜಿಲನ್ನು ಕಂಡಿತು. ಸಂತ ಜಾನನ ಹಬ್ಬದ ಕಾಲವದು. ಊರಿನವರು ಬೆಂಕಿ ಹಾಕಿ, ಬಾಣ ಹಾರಿಸಿ ಸಂಭ್ರಮಪಡುತ್ತಿದ್ದರು. ಹಡಗಿನ ಮೇಲಿನಿಂದ ಅದನ್ನು ನೋಡಿದ ವಲಸೆಗಾರರು ತಮ್ಮ ಸ್ವಾಗತಕ್ಕೇ ಇದೆಲ್ಲ ನಡೆದಿದೆಯೆಂದು ಹಿಗ್ಗಿದರೆಂದು ಹೇಳುವ ವಾಡಿಕೆಯಿದೆ. ಬಾಣಬಿರುಸು ಯಾರಿಗಾಗಿ ಹಾರಿತೋ ಏನೋ, ಮೊದಲ ನೋಟ ಮಾತ್ರ ಎರಡು ಕಡೆಯವರಿಗೂ ಚೆನ್ನಾಗಿಯೇ ಇತ್ತು. ಸಾವೊ ಪೌಲೊ ನಗರದ ವಲಸೆಗಾರರ ಛತ್ರದಲ್ಲಿ ಇವರನ್ನು ಕಂಡ ಒಬ್ಬ ಪತ್ರಿಕಾ ಬರಹಗಾರ ಬೆರಗಾಗಿ ಬರೆದ. ಮೂರನೆಯ ತರಗತಿಯಲ್ಲಿ ಬಂದವರ ಬಟ್ಟೆಗಳು ಶುಭ್ರ; ಗಂಡಸರು ಹ್ಯಾಟು, ಕೋಟುಗಳಲ್ಲಿ; ಕೈಯಲ್ಲಿ ಎರಡೂ ದೇಶಗಳ ಪುಟ್ಟ ರೇಷ್ಮೆ ಬಾವುಟ; ಊಟದ ಶಾಲೆಯಲ್ಲಿ ಒಂದು ಬೀಡಿ ತುಂಡೂ ಬಿದ್ದಿರಲಿಲ್ಲ. ಕೆಲವರ ಎದೆಯ ಮೇಲೆ ರಷ್ಯದ ಯುದ್ಧದಲ್ಲಿ ಪಡೆದ ಪದಕಗಳಿದ್ದುವಂತೆ. ರಷ್ಯದವರೊಡನೆ ಕಾದಾಡಿದವರು ರಷ್ಯದವರಿಂದ ಕಿತ್ತುಕೊಂಡ ಹಡಗಿನಲ್ಲಿ ಕೂಲಿಗೆ ಬಂದಿದ್ದರು. ಗೆದ್ದ ದೇಶದ ಸಿಪಾಯಿಯ ಪಾಡು ಇದು.

ಛತ್ರದಿಂದ ಅವರನ್ನು ಆರು ತೋಟಗಳಿಗೆ ಹಂಚಿದರು. ಕಾಫಿ ಗಿಡವೆಂದರೆ ದುಡ್ಡು ಬಿಡುವ ಗಿಡವೆಂದು ಊರಿನಲ್ಲಿ ಕೇಳಿ ಬಂದಿದ್ದರು. ನಮ್ಮ ಮಲೆನಾಡಿನಲ್ಲಿ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಹಣ್ಣಾದುದನ್ನು ಆರಿಸಿ ಬಿಡಿಸುತ್ತಾರೆ. ಅಲ್ಲಿ ನೆರಳೆಂಬುದಿಲ್ಲ. ಕೆಂಪು ಮಣ್ಣಿನ ದಿಣ್ಣೆಗಳ ಮೇಲೆ ಕಣ್ಣು ಹರಿಯುವಷ್ಟು ದೂರ ಸಾಲುಸಾಲಾಗಿ ಗಿಡ. ಕೊಂಬೆಯನ್ನು ಹಿಡಿದು ಹಣ್ಣು, ಕಾಯಿ, ಎಲೆಗಳನ್ನು ಒಟ್ಟಿಗೆ ನೆಲಕ್ಕೆ ಸವರಿ, ಜರಡಿಯಲ್ಲಿ ತೂರಿ, ಚೀಲ ತುಂಬಬೇಕು. ಕೂಲಿ ಚೀಲದ ಲೆಕ್ಕಕ್ಕೆ. ಇವರು ಬಂದುದೋ ಕೊಯಿಲು ಬಹುಮಟ್ಟಿಗೆ ಮುಂದುವರಿದ ಮೇಲೆ. ಸಿಕ್ಕಿದ ಗಿಡಗಳೋ ಹಳೆಯವು, ಫಸಲು ಕಡಿಮೆ. ದಿನಸಿಯನ್ನು ತೋಟದ ಅಂಗಡಿಯಲ್ಲಿಯೇ ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕು. ಮಣ್ಣು ನೆಲದ ಮನೆ. ಬಾಯಿಗೆ ಹಿಡಿಸದ ಒಣಮೀನು, ಅವರೆಯಂಥ ಕಾಳು. ಬೆಳಕು ಹರಿಯುವ ಮುನ್ನ ಗಂಟೆ. ಕುದುರೆಯ ಮೇಲೆ ಕುಳಿತ ಮೇಲ್ವಿಚಾರಕ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಕೂಲಿಗಿಂತ ಅಂಗಡಿಯ ಬಾಕಿಯೇ ಮುಂದು.

ಆಗ ನಡೆದುದು ಸಾಹುಕಾರರ ಲೆಕ್ಕವನ್ನು ಬುಡಮೇಲುಮಾಡಿತು. ಕುಟುಂಬವಿದ್ದವರು ಓಡುವುದಿಲ್ಲವೆಂದಿದ್ದರಲ್ಲವೆ? ಕುಟುಂಬಗಳೇ ಎದ್ದು ನಡೆದುವು. ವಿಮಾನ ಹಾರಿಸಿ ಪ್ರಸಿದ್ಧನಾದ ಸಾಂತೋಸ್ ದುಮೊಂಟನ ತಂದೆ ಹಿಂದೆ ಬೆಳೆಸಿದ್ದ ದೊಡ್ಡ ತೋಟವೊಂದಿತ್ತು. ಅಲ್ಲಿಗೆ ಕಳುಹಿಸಿದ್ದವರು ಎರಡು ತಿಂಗಳು ತುಂಬುವ ಹೊತ್ತಿಗೆ ತೋಟ ಬಿಟ್ಟಿದ್ದರು. ಕೆಲವರು ರಾತ್ರಿ ರೈಲುಹಳಿ ಹಿಡಿದು ನಡೆದರು. ೧೯೦೯ರ ಸೆಪ್ಟೆಂಬರಿನ ವೇಳೆಗೆ ೭೮೧ ಮಂದಿಯಲ್ಲಿ ಮೊದಲು ಹೋದ ತೋಟಗಳಲ್ಲಿಯೇ ಉಳಿದಿದ್ದವರು ೧೯೧ ಮಂದಿ ಮಾತ್ರ. ತೋಟದವರ ದೃಷ್ಟಿಯಲ್ಲಿ ಉಳಿದವರೆಲ್ಲ ಕರಾರು ಮುರಿದ ಓಡಾಳುಗಳು. ಚರಿತ್ರೆಯ ದೃಷ್ಟಿಯಲ್ಲಿ? ಅವರಲ್ಲಿ ಕೆಲವರು ಸಾಂತೋಸ್ ಬಂದರಿನಲ್ಲಿ ಮೂಟೆ ಹೊತ್ತರು. ಕೆಲವರು ಪಶ್ಚಿಮಕ್ಕೆ ಹಾಕುತ್ತಿದ್ದ ಹೊಸ ರೈಲುದಾರಿಯ ಕೆಲಸಕ್ಕೆ ಹೋಗಿ, ಅದರ ದಾರಿಯಲ್ಲಿದ್ದ ಕಾಂಪೊ ಗ್ರಾಂಡೆ ಊರಿನಲ್ಲಿ ನಿಂತರು. ಕೆಲವರು ನಗರದಲ್ಲಿ ಮನೆಗೆಲಸಕ್ಕೆ, ಬಡಗಿಗೆಲಸಕ್ಕೆ ಸೇರಿದರು. ಇನ್ನು ಕೆಲವರು ಊರ ಹೊರಗೆ ತುಂಡು ನೆಲ ಗುತ್ತಿಗೆ ಹಿಡಿದು ತರಕಾರಿ, ಆಲೂಗೆಡ್ಡೆ ಬೆಳೆದರು. ಅಂಥ ಆಲೂಗೆಡ್ಡೆಯ ಬೆಳೆಗಾರರು ಸೇರಿ ೧೯೨೭ರಲ್ಲಿ ಕೊತಿಯಾ ಎಂಬಲ್ಲಿ ಕಟ್ಟಿದ ಸಹಕಾರ ಸಂಘ ಮುಂದೆ ದೇಶಕ್ಕೇ ಹೆಸರಾಯಿತು. ಒಕಿನಾವದ ಶ್ಯಾವಿಗೆಯ ಸಾರು ಕಾಂಪೊ ಗ್ರಾಂಡೆಯ ಪೇಟೆಯಲ್ಲಿ ಎಷ್ಟು ಬೇರೂರಿತೆಂದರೆ, ೨೦೦೬ರಲ್ಲಿ ಅದನ್ನು ಆ ನಗರದ ಪರಂಪರೆಯ ಸೊತ್ತೆಂದು ಘೋಷಿಸಿದರು. ಪಟ್ಟಿಯಲ್ಲಿ ಕೂಡಿಸಿ ಬರೆದಿದ್ದ “ಕಟ್ಟಿದ” ಕುಟುಂಬಗಳಲ್ಲಿ ಕೆಲವು ಒಡೆದುವು. ಕೆಲವು ಕಷ್ಟದ ಬೆಸುಗೆಯಲ್ಲಿ ನಿಜವಾದ ಕುಟುಂಬಗಳೇ ಆದುವು.

ಇದು ಸುಖಾಂತದ ಕಥೆಯೆಂದು ವಾಚಕರು ಭಾವಿಸಬಾರದು. ವಲಸೆಗಾರರಿಗಿಂತ ಮುಂಚೆಯೇ ಬಂದು ಕಾದಿದ್ದ ಐವರು ದುಭಾಷಿಗಳಲ್ಲಿ ಹಿರಾನೊ ಉನ್ಪೆ ಎಂಬ ತರುಣನೊಬ್ಬನಿದ್ದ. ಪರರ ತೋಟದಲ್ಲಿ ಎಷ್ಟು ದುಡಿದರೂ ಅಷ್ಟೇ ಎಂದು ಕಂಡುಕೊಂಡು, ೧೯೧೫ರಲ್ಲಿ ಕಾಡು ಕೊಂಡು, ತನ್ನವರನ್ನು ಕರೆದೊಯ್ದು ಸ್ವಂತ ನೆಲೆಯೊಂದನ್ನು ಸ್ಥಾಪಿಸಿದ. ಭತ್ತ ಬೆಳೆಯುವ ಆಸೆಯಿಂದ ನೀರಿನ ತಗ್ಗನ್ನು ಆರಿಸಿಕೊಂಡರು. ಅಲ್ಲಿ ಮಲೇರಿಯ ಕಾದಿತ್ತು. ಕೆಲವೇ ತಿಂಗಳಲ್ಲಿ ಎಂಬತ್ತರಷ್ಟು ಜನ ಸತ್ತರು. ಹಿರಾನೊ ೧೯೧೯ರಲ್ಲಿ, ಇನ್ನೂ ನಲವತ್ತು ತುಂಬದ ಪ್ರಾಯದಲ್ಲಿಯೇ, ಇನ್‌ಫ್ಲುಯೆಂಜಾ ಮಾರಿಗೆ ತುತ್ತಾದ. ಇಂದು ಮೂಲಪುರುಷರೆಂದು ಪೂಜೆಗೊಳ್ಳುವವರ ಪಕ್ಕದಲ್ಲಿ ವಂಶವೇ ಉಳಿಯದೆ ಹೋದ ಇವರ ಹೆಸರುಗಳನ್ನೂ ಓದಬೇಕು.

ಹೀಗಿದ್ದೂ ಹಡಗುಗಳು ಬರುತ್ತಲೇ ಇದ್ದುವು. ೧೯೧೦ರಲ್ಲಿ ಎರಡನೆಯದು ಒಂಬೈನೂರಕ್ಕೂ ಮೇಲ್ಪಟ್ಟ ಜನರೊಡನೆ ಬಂದಿತು. ೧೯೪೧ರವರೆಗೆ ಬಂದವರು ಒಟ್ಟು ಒಂದು ಲಕ್ಷ ತೊಂಬತ್ತು ಸಾವಿರದ ಹತ್ತಿರ ಹತ್ತಿರ. ಆಮೇಲೆ ಎರಡನೆಯ ಮಹಾಯುದ್ಧ. ೧೯೪೨ರಲ್ಲಿ ಬ್ರೆಜಿಲ್ ಜಪಾನಿನೊಡನೆ ಸಂಬಂಧ ಕಡಿದುಕೊಂಡಿತು. ಬೀದಿಯಲ್ಲಿ ತಾಯ್ನುಡಿಯಾಡುವುದೂ ಅಪರಾಧವಾಯಿತು. ಶಾಲೆಗಳೂ ಪತ್ರಿಕೆಗಳೂ ಅದಕ್ಕೆ ಮೊದಲೇ ಮುಚ್ಚಿದ್ದುವು. ೧೯೪೩ರ ಜುಲೈಯಲ್ಲಿ ಸಾಂತೋಸ್ ತೀರದಲ್ಲಿದ್ದ ಶತ್ರುದೇಶದ ಮೂಲದವರೆಲ್ಲ ೨೪ ಗಂಟೆಯೊಳಗೆ ಊರು ಬಿಡಬೇಕೆಂದು ಆಜ್ಞೆಯಾಯಿತು. ಸುಮಾರು ಆರೂವರೆ ಸಾವಿರ ಮಂದಿ, ಹೆಚ್ಚಿನವರು ಜಪಾನೀಯರು, ಅವರಲ್ಲಿ ಒಕಿನಾವದವರು ಬಹಳ. ಮೂವತ್ತೈದು ವರ್ಷ ಹಿಂದೆ ಬಾವುಟ ಹಿಡಿದು ಇಳಿದ ಅದೇ ಬಂದರಿನಿಂದ ಉಟ್ಟ ಬಟ್ಟೆಯಲ್ಲಿ ರೈಲು ಹತ್ತಿದರು. ಇದಕ್ಕಾಗಿ ಬ್ರೆಜಿಲ್ ಸರ್ಕಾರದ ಪರವಾಗಿ ವಿಧಿಬದ್ಧವಾಗಿ ಕ್ಷಮೆ ಕೇಳಿದುದು ೨೦೨೪ರಲ್ಲಿ, ಎಂಬತ್ತೊಂದು ವರ್ಷದ ಮೇಲೆ! ಯುದ್ಧ ಮುಗಿದ ಮೇಲೂ ಸಂಕಟ ಮುಗಿಯಲಿಲ್ಲ. ಜಪಾನು ಸೋತಿತೆಂಬುದನ್ನು ನಂಬದವರಿಗೂ ನಂಬಿದವರಿಗೂ ನಡುವೆ ವೈರ ಬೆಳೆದು, ಸೋಲನ್ನು ಒಪ್ಪಿಕೊಂಡವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತಮ್ಮವರ ಕೈಯಿಂದಲೇ ಹತರಾದರು. ಮರಳಿ ಹೋಗುವ ಆಸೆಯನ್ನೇ ಉಸಿರಾಗಿಸಿಕೊಂಡಿದ್ದವರಿಗೆ, ಹೋಗಬೇಕಾದ ಮನೆಯೇ ಸುಟ್ಟುಹೋಯಿತೆಂಬ ಸುದ್ದಿ ನಂಬಲಾರದಷ್ಟು ದೊಡ್ಡದಾಗಿತ್ತೆಂದು ತೋರುತ್ತದೆ. ಅಂದಿನಿಂದ ಅವರು ನಿಜವಾಗಿ ಬ್ರೆಜಿಲಿನವರಾದರು.

ಹಡಗು ಏನಾಯಿತು? ಹಲವು ವರ್ಷ ಪ್ರಯಾಣಿಕರನ್ನು ಹೊತ್ತು, ವಯಸ್ಸಾದ ಮೇಲೆ ಅದು ಉತ್ತರ ಸಮುದ್ರಗಳಲ್ಲಿ ಮೀನು ಸಂಸ್ಕರಿಸುವ ಹಡಗಾಯಿತು. ೧೯೪೫ರ ಆಗಸ್ಟ್ ೯ರಂದು, ರಷ್ಯ ಜಪಾನಿನ ಮೇಲೆ ಯುದ್ಧಕ್ಕಿಳಿದ ದಿನವೇ, ಕಾಮ್‌ಚಾಟ್ಕದ ಬಳಿ ಸೋವಿಯತ್ ವಿಮಾನಗಳು ಅದನ್ನು ಮುಳುಗಿಸಿದುವು. ನಲವತ್ತು ವರ್ಷ ಹಿಂದೆ ರಷ್ಯದಿಂದ ಕಿತ್ತುಕೊಂಡ ಹಡಗನ್ನು ರಷ್ಯವೇ ಸಮುದ್ರಕ್ಕೆ ಒಪ್ಪಿಸಿತು. ಅದರಲ್ಲಿ ಬಂದವರಲ್ಲಿ ಕಟ್ಟಕಡೆಯವಳು ಮಾತ್ರ ಹಡಗಿಗಿಂತ ಅರುವತ್ತೊಂದು ವರ್ಷ ಹೆಚ್ಚು ಬಾಳಿದಳು. ಎರಡು ವರ್ಷವೂ ತುಂಬದ ಕೂಸಾಗಿ ಬಂದ ಆಕೆ ೨೦೦೬ರಲ್ಲಿ, ತನ್ನ ನೂರನೆಯ ವಯಸ್ಸಿನಲ್ಲಿ, ಬ್ರೆಜಿಲಿನಲ್ಲಿಯೇ ತೀರಿಕೊಂಡಳು.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕಾಲಚಕ್ರ ಇನ್ನೊಂದು ಸುತ್ತು ತಿರುಗಿತು. ಜಪಾನು ಶ್ರೀಮಂತವಾಯಿತು, ಬ್ರೆಜಿಲಿನಲ್ಲಿ ಹಣದುಬ್ಬರ ಜನರನ್ನು ಹಿಂಡಿತು. ೧೯೯೦ರಲ್ಲಿ ಜಪಾನು ತನ್ನ ಕಾಯಿದೆಯನ್ನು ತಿದ್ದಿ, ಹೊರದೇಶದಲ್ಲಿ ಹುಟ್ಟಿದ ಜಪಾನೀ ವಂಶದವರಿಗೆ ಬಾಗಿಲು ತೆರೆಯಿತು. ಮೊಮ್ಮಕ್ಕಳು, ಮರಿಮಕ್ಕಳು ಮೋಟಾರು ಕಾರ್ಖಾನೆಗಳಲ್ಲಿ ದುಡಿಯಲು ವಿಮಾನ ಹತ್ತಿದರು. ೨೦೦೭ರ ಹೊತ್ತಿಗೆ ಮೂರು ಲಕ್ಷ ಮೀರಿದರು. ಅಜ್ಜಂದಿರು ತಮ್ಮ ಪ್ರಯಾಣಕ್ಕೆ “ದೆಕಾಸೆಗಿ” ಎನ್ನುತ್ತಿದ್ದರು. ಹೊರಗೆ ಹೋಗಿ ದುಡಿದು ತರುವುದೆಂದು ಅದರ ಅರ್ಥ. ಮೊಮ್ಮಕ್ಕಳ ಪ್ರಯಾಣಕ್ಕೂ ಅದೇ ಹೆಸರು ಬಂದಿತು. ಅಜ್ಜನನ್ನು ಬ್ರೆಜಿಲ್ ಜಪಾನಿಯೆಂದು ಕರೆಯಿತು. ಮೊಮ್ಮಗನನ್ನು ಜಪಾನು ಬ್ರೆಜಿಲಿನವನೆಂದು ಕರೆಯಿತು. ೨೦೦೯ರಲ್ಲಿ ಕೆಲಸಗಳು ಕಡಿಮೆಯಾದಾಗ ಅಲ್ಲಿನ ಸರ್ಕಾರ ತಲೆಗೆ ಮೂರು ಲಕ್ಷ ಯೆನ್ ದಾರಿಖರ್ಚು ಕೊಟ್ಟು, ಅದೇ ರಹದಾರಿಯಲ್ಲಿ ಮತ್ತೆ ಬರಕೂಡದೆಂಬ ಷರತ್ತಿನ ಮೇಲೆ ಅವರನ್ನು ಹಿಂದಕ್ಕೆ ಕಳುಹಿಸಲು ನೋಡಿತು. ಮೊದಲೊಮ್ಮೆ ಬರುವುದಕ್ಕೆ ಮುಂಗಡ. ಈಗ ಹೋಗುವುದಕ್ಕೆ ಮುಂಗಡ.

ಹಿರಿಯರ ಹೆಸರಿನಲ್ಲಿ ಹೆಮ್ಮೆಪಡುವುದು ತಪ್ಪಲ್ಲ. ಆದರೆ ಹೆಮ್ಮೆಗೆ ಅನುಕೂಲವಾಗುವಂತೆ ಹಿರಿಯರನ್ನು ತಿದ್ದಿ ತೀಡುವುದು ಅವರಿಗೆ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ. ಕಸಾತೊ ಮಾರುವಿನವರನ್ನು ಸಾಹಸಿಗಳೆಂದೂ ಶಿಸ್ತಿನ ಸಿಪಾಯಿಗಳೆಂದೂ ಶತಮಾನೋತ್ಸವದ ಭಾಷಣಗಳಲ್ಲಿ ವರ್ಣಿಸಿದರು. ಪಟ್ಟಿ ಹೇಳುವುದು ಬೇರೆ. ಅವರು ಸಾಲಗಾರರು, ಸುಳ್ಳು ಕುಟುಂಬ ಬರೆಯಿಸಿದವರು, ಕರಾರು ಮುರಿದು ರಾತ್ರಿ ಓಡಿದವರು, ಮರಳಿ ಹೋಗುತ್ತೇವೆಂದು ಮನೆಯವರಿಗೆ ಮಾತು ಕೊಟ್ಟು ಅದನ್ನು ನಡೆಸಲಾರದೆ ಹೋದವರು. ಇದಾವುದೂ ಅವರ ಗೌರವಕ್ಕೆ ಕುಂದಲ್ಲ. ಅನ್ಯಾಯದ ಕರಾರಿಗೆ ವಿಧೇಯರಾಗಿದ್ದಿದ್ದರೆ ಅವರು ಒಳ್ಳೆಯ ಆಳುಗಳೆಂಬ ಹೆಸರು ಪಡೆದು ಅಂಗಡಿಯ ಬಾಕಿಯಲ್ಲಿಯೇ ಸತ್ತುಹೋಗುತ್ತಿದ್ದರು.

ಸಾವೊ ಪೌಲೊದ ಆ ವಲಸೆಗಾರರ ಛತ್ರ ಈಗ ವಸ್ತುಸಂಗ್ರಹಾಲಯವಾಗಿದೆ. ತಮ್ಮ ಹಿರಿಯರ ಹೆಸರನ್ನು ಹುಡುಕಿಕೊಂಡು ಅಲ್ಲಿಗೆ ಬರುವವರುಂಟು. ಹೆಸರು ಸಿಕ್ಕಾಗ ಅದರ ಪಕ್ಕದಲ್ಲಿ ತಮ್ಮನೆಂದೊ ಭಾವಮೈದುನನೆಂದೊ ಬರೆದಿರುವ ಅಪರಿಚಿತನೊಬ್ಬನ ಹೆಸರೂ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಮೂರನೆಯ ಕೈ ಆಗಿ ಬಂದ ಆತ ಇಲ್ಲದಿದ್ದರೆ ಆ ಕುಟುಂಬ ಹಡಗು ಹತ್ತುತ್ತಿರಲೇ ಇಲ್ಲ. ವಂಶವೃಕ್ಷ ಬರೆಯುವವರು ಆತನಿಗೂ ಒಂದು ಕೊಂಬೆ ಕೊಡುವುದು ನ್ಯಾಯ.